ನಾಳೆ ಬೆಳಿಗ್ಗೆ ಮಗುವನ್ನು ಯಾರ ಹತ್ತಿರ ಬಿಡೋದು? ಶಾಲೆಗೆ ಮುಂಚಿನ ಆಸರೆ ದಿಢೀರನೆ ತಪ್ಪಿದಾಗ ದುಡಿಯುವ ಅಪ್ಪ-ಅಮ್ಮ ಮಾಡಬೇಕಾದ್ದು

ಭಾನುವಾರ ರಾತ್ರಿ ಒಂಬತ್ತೂವರೆಗೆ ಪಕ್ಕದ ಮನೆಯ ಅಕ್ಕ ನಮ್ಮ ಬಾಗಿಲಿಗೆ ಬಂದು ನಿಂತರು. "ಬೆಂಗಳೂರಿಂದ ಅಳಿಯ ಫೋನ್ ಮಾಡಿದ್ರು ಕಣವ್ವ. ಮಗಳನ್ನ ಇವತ್ತೇ ಅಡ್ಮಿಟ್ ಮಾಡ್ಕೊಂಡಾರಂತೆ. ಇನ್ನೂ ಮೂರು ವಾರ ಐತಿ ಅಂದಿದ್ರು ಡಾಕ್ಟ್ರು. ನಾನು ರಾತ್ರಿ ಬಸ್ಸಿಗೇ ಹೊರಟೀನಿ, ಇನ್ನು ಬಾಣಂತನ ಮುಗಿಸ್ಕೊಂಡೇ ಬರೋದು. ಪಾಪುಗೆ ಏನು ಮಾಡ್ತೀಯೋ ನೋಡವ್ವ" ಅಂದರು. ಅವರ ಕಣ್ಣಲ್ಲೂ ನೀರು, ನನ್ನ ಕಣ್ಣಲ್ಲೂ ನೀರು.

ಎರಡು ವರ್ಷದಿಂದ ನನ್ನ ಮಗಳನ್ನು ಬೆಳಿಗ್ಗೆ 7.30ರಿಂದ ಶಾಲೆಯ ಆಟೋ ಬರುವ 8.50ರವರೆಗೆ ನೋಡಿಕೊಂಡವರು ಅವರು. ನಾನು ಆಸ್ಪತ್ರೆಯಲ್ಲಿ ನರ್ಸ್, ಬೆಳಗಿನ ಡ್ಯೂಟಿಯಾದರೆ 8ಕ್ಕೆ ವಾರ್ಡಿನಲ್ಲಿರಬೇಕು. ಮನೆಯವರು ಹರಿಹರದ ಕಡೆ ಕಾರ್ಖಾನೆಯಲ್ಲಿ ಮೂರು ಪಾಳಿಯ ಕೆಲಸ. ಮಗಳು ಎರಡನೇ ಕ್ಲಾಸು. ನಮ್ಮ ಇಡೀ ಸಂಸಾರ ಆ 80 ನಿಮಿಷದ ಮೇಲೆ ನಿಂತಿತ್ತು ಅನ್ನುವುದು ಅಕ್ಕ ಹೋದ ಮೇಲೆ ಗೊತ್ತಾಯಿತು. ಅಕ್ಕನದೇನೂ ತಪ್ಪಿಲ್ಲ. ಇಷ್ಟು ದೊಡ್ಡ ಭಾರವನ್ನು ಒಂದೇ ಗೂಟಕ್ಕೆ ಕಟ್ಟಿದ್ದು ನಾವು.

ನಿಮ್ಮ ಮನೆಯಲ್ಲಿ ಇದು ಬೇರೆ ರೂಪದಲ್ಲಿ ಬಂದಿರಬಹುದು. ಅಜ್ಜಿಗೆ ಕಾಲು ನೋವು ಬಂದು ಊರಿಗೆ ಹೋಗಿರುತ್ತಾರೆ, ಡೇ ಕೇರಿನವರು "ಬರೋ ತಿಂಗಳಿಂದ 9ಕ್ಕೇ ಬಾಗಿಲು ತೆಗೆಯೋದು" ಅಂದಿರುತ್ತಾರೆ, ಶಾಲೆಯ ಆಟೋದವರು ಮೊದಲ ಟ್ರಿಪ್ ನಿಲ್ಲಿಸಿರುತ್ತಾರೆ. ಕಾರಣ ಯಾವುದೇ ಇರಲಿ, ದಾರಿ ಹುಡುಕುವ ಕ್ರಮ ಹೆಚ್ಚುಕಡಿಮೆ ಒಂದೇ. ದಾವಣಗೆರೆಯಂಥ ಊರಿನಲ್ಲಿ ನಾವು ಕಂಡುಕೊಂಡದ್ದನ್ನು, ಮಾಡಬಾರದಿತ್ತು ಅನ್ನಿಸಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಒಂದು: ಆ ರಾತ್ರಿ ನಾಳೆಯೊಂದನ್ನೇ ಯೋಚಿಸಿ

ಸುದ್ದಿ ಬಂದ ತಕ್ಷಣ ತಲೆ ಮುಂದಿನ ಆರು ತಿಂಗಳಿಗೆ ಓಡುತ್ತದೆ. ಕೆಲಸ ಬಿಡಬೇಕಾ, ಅತ್ತೆಯನ್ನು ಕರೆಸಬೇಕಾ, ಶಾಲೆ ಬದಲಿಸಬೇಕಾ ಎಂದು. ರಾತ್ರಿ ಹತ್ತು ಗಂಟೆಗೆ ಇದ್ಯಾವುದಕ್ಕೂ ಉತ್ತರ ಸಿಗುವುದಿಲ್ಲ. ನಾಳೆ ಬೆಳಿಗ್ಗೆ ಮಗುವಿನ ಜತೆ ಯಾರಿರುತ್ತಾರೆ ಅನ್ನುವುದೊಂದನ್ನು ತೀರ್ಮಾನಿಸಿ ಮಲಗಿ.

ಗಂಡ-ಹೆಂಡತಿ ಇಬ್ಬರೂ ಕೂತು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ನಾಳೆ ಯಾರ ಕೆಲಸಕ್ಕೆ ಒಂದೂವರೆ ಗಂಟೆ ತಡವಾದರೆ ಕಡಿಮೆ ತೊಂದರೆ? ಉತ್ತರ ಯಾವಾಗಲೂ "ಅಮ್ಮ" ಆಗಿರಬೇಕಿಲ್ಲ. ನಾಳೆ ನನ್ನ ವಾರ್ಡಿನಲ್ಲಿ ನನ್ನ ಬದಲು ನಿಲ್ಲುವವರು ಇದ್ದಾರಾ, ಅವರ ಯಂತ್ರದ ಮುಂದೆ ಅವರ ಬದಲು ಯಾರಾದರೂ ನಿಲ್ಲಬಹುದಾ ಎಂದು ಲೆಕ್ಕ ಹಾಕಿ. ಯಾರು ನಿಲ್ಲುವುದೆಂದು ಗೊತ್ತಾದ ಮೇಲೆ ಮೇಲಿನವರಿಗೆ ಅದೇ ರಾತ್ರಿ ತಿಳಿಸಿ. ಬೆಳಿಗ್ಗೆ 7ಕ್ಕೆ ಬರುವ ಮೆಸೇಜು ಅವರಿಗೆ ಸಿಟ್ಟು ತರಿಸುತ್ತದೆ, ರಾತ್ರಿ ಹತ್ತಕ್ಕೆ ಬಂದದ್ದು ಏರ್ಪಾಡು ಮಾಡಿಕೊಳ್ಳಲು ಅವಕಾಶ ಕೊಡುತ್ತದೆ.

ಮೆಸೇಜಿನಲ್ಲಿ ನಿಜವನ್ನೇ ಬರೆಯಿರಿ. "ಮಗಳಿಗೆ ಜ್ವರ" ಎಂದು ಬರೆಯುವುದು ಸುಲಭ, ಎಲ್ಲರೂ ಹಾಗೇ ಬರೆಯುತ್ತಾರೆ. ಆದರೆ ಜ್ವರ ಮೂರು ದಿನಕ್ಕೆ ಬಿಡಬೇಕು, ನಿಮ್ಮ ತೊಂದರೆ ಮೂರು ವಾರ ಇರುತ್ತದೆ. ನಾಲ್ಕನೇ ದಿನ ನಿಜ ಹೇಳಹೊರಟರೆ ನಂಬುವವರು ಕಡಿಮೆ. ನಾನು ಇನ್‌ಚಾರ್ಜ್ ಸಿಸ್ಟರಿಗೆ ಕಳಿಸಿದ್ದು ಇಷ್ಟೇ: "ಸಿಸ್ಟರ್, ಬೆಳಿಗ್ಗೆ ಮಗಳನ್ನು ನೋಡಿಕೊಳ್ಳುತ್ತಿದ್ದ ಅಕ್ಕ ತುರ್ತಾಗಿ ಊರಿಗೆ ಹೋದರು. ನಾಳೆ 9.15ಕ್ಕೆ ಬರುತ್ತೇನೆ. ಮಧ್ಯಾಹ್ನ ಅಷ್ಟು ಹೊತ್ತು ಹೆಚ್ಚು ಇರುತ್ತೇನೆ. ಈ ವಾರದ ಏರ್ಪಾಡನ್ನು ನಾಳೆ ಬಂದು ಮಾತಾಡುತ್ತೇನೆ." ಅವರು "ಸರಿ ಬಾ" ಅಂದರು.

ಆ ಮೊದಲ ರಾತ್ರಿ ಕಂಡಕಂಡವರಿಗೆಲ್ಲ ಫೋನ್ ಮಾಡಿ "ನಾಳೆ ಒಂದಿನ ನೋಡ್ಕೊಳ್ತೀರಾ" ಎಂದು ಕೇಳಬೇಡಿ. ಗಾಬರಿಯಲ್ಲಿ ಕೇಳಿದರೆ ಮಗುವನ್ನು ಯಾರ ಕೈಗೆ ಕೊಡುತ್ತಿದ್ದೇವೆ ಎಂದು ಯೋಚಿಸುವ ವ್ಯವಧಾನ ಇರುವುದಿಲ್ಲ.

ಎರಡು: ಒಂದು ವಾರವನ್ನು ಇಬ್ಬರೂ ಹಂಚಿಕೊಳ್ಳಿ

ಮೊದಲ ವಾರಕ್ಕೆ ಹೊರಗಿನ ಏರ್ಪಾಡು ಬೇಡ, ಅಪ್ಪ-ಅಮ್ಮನ ರಜೆ, ಪರ್ಮಿಷನ್, ಡ್ಯೂಟಿ ಬದಲಾವಣೆಯಲ್ಲೇ ಸಾಗಿಸಿ. ಆರು ದಿನದಲ್ಲಿ ಮೂರು ಇವರದು, ಮೂರು ಅವರದು. ಸಹೋದ್ಯೋಗಿಗಳ ಜತೆ ಡ್ಯೂಟಿ ಬದಲಿಸಿಕೊಂಡರೆ ಅದನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ, ತೀರಿಸಿ. ಒಬ್ಬರೇ ಪೂರ್ತಿ ವಾರ ರಜೆ ಹಾಕಿದರೆ ಇನ್ನೊಬ್ಬರಿಗೆ ಈ ಸಮಸ್ಯೆಯ ತೂಕವೇ ಗೊತ್ತಾಗುವುದಿಲ್ಲ. ನಮ್ಮ ಮನೆಯವರು ಮಂಗಳವಾರ ಒಬ್ಬರೇ ಮಗಳಿಗೆ ಜಡೆ ಹಾಕಿ, ತಿಂಡಿ ತಿನ್ನಿಸಿ, ಆಟೋ ಹತ್ತಿಸಿದ ದಿನದಿಂದ ನಮ್ಮ ಮಾತಿನ ಧಾಟಿಯೇ ಬದಲಾಯಿತು.

ಮೂರು: ಬೆಳಗಿನ ಹೊತ್ತನ್ನು ಕಾಗದದ ಮೇಲಿಡಿ

ಇದನ್ನು ಮಾತ್ರ ಬಿಡಬೇಡಿ. ನಮಗೆ ದಾರಿ ತೋರಿಸಿದ್ದು ಇದೇ.

ಒಂದು ತಿಂಗಳ ಕ್ಯಾಲೆಂಡರ್ ಹಾಳೆ ತೆಗೆದುಕೊಳ್ಳಿ. ಶಾಲೆ ಇರುವ ಪ್ರತಿ ದಿನದ ಎದುರು ಮೂರು ಸಂಗತಿ ಬರೆಯಿರಿ: ಅಮ್ಮ ಮನೆ ಬಿಡುವ ಸಮಯ, ಅಪ್ಪ ಮನೆ ಬಿಡುವ ಸಮಯ, ಮಗು ಮನೆ ಬಿಡುವ ಸಮಯ. ಮಗು ಎಲ್ಲರಿಗಿಂತ ಕೊನೆಯಲ್ಲಿ ಹೊರಡುವ ದಿನಗಳಿಗೆ ಕೆಂಪು ಗುರುತು ಹಾಕಿ. ಆ ಕೆಂಪು ದಿನಗಳು ಮಾತ್ರ ನಿಮ್ಮ ಸಮಸ್ಯೆ.

ನಾವು ಹಾಕಿದಾಗ ಕಂಡದ್ದು ಹೀಗೆ. ಮನೆಯವರ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ. ಮೊದಲ ಪಾಳಿ ಬೆಳಿಗ್ಗೆ 6ರಿಂದ 2, ಎರಡನೆಯದು 2ರಿಂದ 10, ರಾತ್ರಿ ಪಾಳಿ 10ರಿಂದ 6. ಎರಡನೇ ಪಾಳಿಯ ವಾರ ಅವರು ಬೆಳಿಗ್ಗೆಯೆಲ್ಲ ಮನೆಯಲ್ಲೇ. ರಾತ್ರಿ ಪಾಳಿಯ ವಾರ 7ರೊಳಗೆ ಮನೆಗೆ ಬಂದಿರುತ್ತಾರೆ. ಮೊದಲ ಪಾಳಿಯ ವಾರ ಮಾತ್ರ ಅವರು ಸಿಗುವುದಿಲ್ಲ. ನನ್ನದೂ ದಿನಾ ಬೆಳಗಿನ ಡ್ಯೂಟಿಯಲ್ಲ. ಇಬ್ಬರದನ್ನೂ ಒಂದರ ಪಕ್ಕ ಒಂದು ಬರೆದರೆ, ಆ ತಿಂಗಳು ನಿಜವಾಗಿ ಯಾರೂ ಇಲ್ಲದ ಬೆಳಗುಗಳು ಏಳೇ ಏಳು. ಇಪ್ಪತ್ತಾರು ಎಂದು ಹೆದರಿದ್ದೆವು.

ಹಾಗಾದರೆ ಎರಡು ವರ್ಷ ದಿನಾ ಅಕ್ಕನ ಮನೆಗೆ ಯಾಕೆ ಬಿಟ್ಟೆವು? ಅಪ್ಪನ ಬೆಳಗನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಬಂದವರು ಮಲಗಲಿ ಅಂದುಕೊಂಡೆವು. ರಾತ್ರಿ ಎರಡಕ್ಕೆ ಡ್ಯೂಟಿಯಲ್ಲಿ ಎದ್ದಿದ್ದ ಅಮ್ಮ ಬೆಳಿಗ್ಗೆ ತಿಂಡಿ ಮಾಡುವುದನ್ನು ಮಾತ್ರ ಯಾರೂ ವಿಶೇಷ ಅಂದುಕೊಳ್ಳಲಿಲ್ಲ. ಬಹಳ ಮನೆಗಳ ಕಥೆ ಇದೇ ಇರುತ್ತದೆ. ಹೊರಗೆ ಆಸರೆ ಹುಡುಕುವ ಮುಂಚೆ ಮನೆಯೊಳಗಿನ ಎರಡನೇ ವ್ಯಕ್ತಿಯನ್ನು ನೋಡಿ.

ಒಂದು ಎಚ್ಚರಿಕೆ. ರಾತ್ರಿ ಪಾಳಿ ಮುಗಿಸಿ ಬಂದವರು ಮನೆಯಲ್ಲಿ ಮಗುವಿನ ಜತೆ ಒಂದು ಗಂಟೆ ಇರಬಹುದು, ಆಟೋ ಹತ್ತಿಸಬಹುದು. ಆದರೆ ಅದೇ ನಿದ್ದೆಗಣ್ಣಲ್ಲಿ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಪಿ.ಬಿ. ರಸ್ತೆಯಲ್ಲಿ ಹೋಗುವುದು ಬೇಡ. ವಾರ್ಡಿನಲ್ಲಿ ನಾನು ನೋಡಿದ ಅಪಘಾತಗಳ ನೆನಪಿನಿಂದ ಹೇಳುತ್ತಿದ್ದೇನೆ.

ಪಾಳಿ ಕೆಲಸವಲ್ಲದ ಮನೆಗಳಲ್ಲೂ ಹಾಳೆ ಬೇರೇನನ್ನಾದರೂ ತೋರಿಸುತ್ತದೆ. ಒಬ್ಬರು ಬ್ಯಾಂಕು, ಇನ್ನೊಬ್ಬರು ಎ.ಪಿ.ಎಂ.ಸಿ.ಯಲ್ಲಿ ಗುಮಾಸ್ತರು ಅಂದರೆ ಬೇಕಾದದ್ದು ದಿನಾ 80 ನಿಮಿಷ ಅಲ್ಲ, ದಿನಾ 25 ನಿಮಿಷ ಇರಬಹುದು. 25 ನಿಮಿಷಕ್ಕೆ ಮನುಷ್ಯರನ್ನು ಹುಡುಕುವುದಕ್ಕಿಂತ ಆಟೋದ ಸಮಯ ಬದಲಿಸುವುದು ಸುಲಭ.

ನಾಲ್ಕು: ಶಾಲೆಯನ್ನು ಕೇಳಿ, ಆಟೋದವರನ್ನೂ ಕೇಳಿ

ಶಾಲೆಯಲ್ಲಿ ಕೇಳಬೇಕಾದ್ದು "ಬೇಗ ಬಿಡಬಹುದಾ" ಎಂದಲ್ಲ. ಗೇಟು ಎಷ್ಟಕ್ಕೆ ತೆಗೆಯುತ್ತಾರೆ, ತೆಗೆದಾಗ ಒಳಗೆ ದೊಡ್ಡವರು ಯಾರಿರುತ್ತಾರೆ, ಅವರಿಗೆ ಮಕ್ಕಳ ಜವಾಬ್ದಾರಿ ಇದೆಯೇ, ಈ ಮೂರನ್ನು ಕೇಳಿ. ಗೇಟು ತೆಗೆದು ಆಯಾ ಒಬ್ಬರೇ ಕಸ ಗುಡಿಸುತ್ತಿದ್ದರೆ ಅದು ಮಗುವನ್ನು ಬಿಡುವ ಜಾಗವಲ್ಲ. ಬೀಗ ಹಾಕಿದ ಗೇಟಿನ ಹೊರಗೆ "ಈಗ ತೆಗೀತಾರೆ, ನಿಂತಿರು" ಎಂದು ಬಿಟ್ಟು ಹೋಗುವುದಂತೂ ಒಂದು ದಿನಕ್ಕೂ ಬೇಡ.

ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕೊಡಿ, ಅವಧಿ ಹಾಕಿ ಕೊಡಿ. "ಇಂತಿಂಥ ದಿನಾಂಕಗಳಲ್ಲಿ ಮಾತ್ರ, 8.30ಕ್ಕೆ" ಎಂದರೆ ಒಪ್ಪುವವರು "ಇನ್ನು ಮುಂದೆ ಬೇಗ" ಎಂದರೆ ಒಪ್ಪುವುದಿಲ್ಲ. ನಿಮ್ಮಂತೆಯೇ ಇರುವ ಇನ್ನೂ ಮೂರ್ನಾಲ್ಕು ಮನೆಗಳು ಆ ಶಾಲೆಯಲ್ಲಿ ಇದ್ದೇ ಇರುತ್ತವೆ. ಒಟ್ಟಿಗೆ ಹೋಗಿ ಕೇಳಿದರೆ, ಬೇಗ ಬರುವ ಒಬ್ಬ ಮಿಸ್ಸಿಗೆ ಇಷ್ಟು ಎಂದು ತಿಂಗಳಿಗೆ ಕೊಡುವ ಏರ್ಪಾಡನ್ನು ಶಾಲೆಯೇ ಮಾಡಬಹುದು. ಸರ್ಕಾರಿ ಶಾಲೆಯಾದರೆ ಎಸ್.ಡಿ.ಎಂ.ಸಿ. (ಶಾಲೆಯ ಉಸ್ತುವಾರಿ ಸಮಿತಿ) ಸದಸ್ಯರ ಹತ್ತಿರ ಮಾತಾಡಿ. ಅವರು ಪೋಷಕರೇ, ಕಷ್ಟ ಬೇಗ ಅರ್ಥವಾಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ಶನಿವಾರ ಬೆಳಗಿನ ತರಗತಿ ಇರುವುದನ್ನು ನಿಮ್ಮ ಹಾಳೆಯಲ್ಲಿ ಬೇರೆಯೇ ಗುರುತು ಹಾಕಿಕೊಳ್ಳಿ. ಆ ದಿನದ ಲೆಕ್ಕ ಪೂರ್ತಿ ಬೇರೆ.

ಶಾಲೆಯ ಆಟೋ, ವ್ಯಾನು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಟ್ರಿಪ್ ಹೊಡೆಯುತ್ತವೆ. ನಿಮ್ಮ ಮಗುವನ್ನು ಮೊದಲ ಟ್ರಿಪ್ಪಿಗೆ ಹಾಕಿಸಿದರೆ ಮನೆಯಲ್ಲಿ ಕಾಯುವ ಹೊತ್ತು ಕಡಿಮೆಯಾಗುತ್ತದೆ, ಶಾಲೆಯಲ್ಲಿ ಕಾಯುವ ಹೊತ್ತು ಹೆಚ್ಚಾಗುತ್ತದೆ. ಹಾಗಾಗಿ ಶಾಲೆಯ ಮಾತು ಮುಗಿದ ಮೇಲೆ ಆಟೋದವರ ಮಾತು. ಆಟೋದ ಅಣ್ಣನಿಗೆ ಪರಿಸ್ಥಿತಿ ಬಿಡಿಸಿ ಹೇಳಿ: "ಅಣ್ಣಾ, ಈ ವಾರ ಮನೆ ಹತ್ರ ಹತ್ತಿಸೋರು ಬೇರೆಯವರು. ಅವರು ಬರದೆ ಇದ್ರೆ ಪಾಪುನ್ನ ಹತ್ತಿಸ್ಕೋಬೇಡಿ, ನನಗೆ ಫೋನ್ ಮಾಡಿ."

ಸ್ಕೂಟರಿನಲ್ಲಿ ನೀವೇ ಬಿಡುವುದಾದರೆ: ನಾಲ್ಕು ವರ್ಷ ದಾಟಿದ ಮಗುವಿಗೆ ಕಾನೂನಿನಂತೆ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಜತೆಗೆ ಸವಾರರಿಗೆ ಕಟ್ಟಿಕೊಳ್ಳುವ ಬೆಲ್ಟೂ ಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಈ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ತಡವಾದ ಬೆಳಿಗ್ಗೆಗಳಲ್ಲೇ ಇದು ಮರೆಯುವುದು. ಮಗುವಿನ ಹೆಲ್ಮೆಟ್ಟನ್ನು ಸ್ಕೂಲ್ ಬ್ಯಾಗಿನ ಪಕ್ಕದಲ್ಲೇ ಇಡಿ.

ಐದು: ಕೆಲಸದ ಜಾಗದಲ್ಲಿ ಏನು ಕೇಳಬಹುದು

ಮೊದಲು ನಿಮಗೆ ಇರುವ ಹಕ್ಕು ಯಾವುದು, ಸೌಲಭ್ಯ ಯಾವುದು ಎಂದು ತಿಳಿದುಕೊಳ್ಳಿ.

ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ ಶಿಶುಪಾಲನಾ ರಜೆ ಇದೆ. ಇಡೀ ಸೇವೆಯಲ್ಲಿ ಒಟ್ಟು 180 ದಿನ, ಕಿರಿಯ ಮಗುವಿಗೆ 18 ವರ್ಷ ತುಂಬುವವರೆಗೆ. 2023ರಲ್ಲಿ ಇದನ್ನು ಒಂಟಿಯಾಗಿ ಮಗು ಸಾಕುವ ಪುರುಷ ನೌಕರರಿಗೂ ವಿಸ್ತರಿಸಿದ್ದಾರೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇದು 730 ದಿನ. ಆದರೆ ಈ ರಜೆ ಮೊದಲೇ ಮಂಜೂರಾಗಬೇಕು, ನಾಳೆ ಬೆಳಿಗ್ಗೆಗೆ ಒದಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಬೆಳಗಿನ ಒಂದೂವರೆ ಗಂಟೆಗಾಗಿ ಇದನ್ನು ಖರ್ಚು ಮಾಡಬೇಡಿ. ಎಸ್ಸೆಸ್ಸೆಲ್ಸಿಗೋ, ಮಗು ಕಾಯಿಲೆ ಬಿದ್ದಾಗಲೋ ಬೇಕಾಗುತ್ತದೆ.

ಖಾಸಗಿಯವರಿಗೆ: 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಲು ಬಿಡಬೇಕು ಎಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಮಾತಿದೆ. ಗಾರ್ಮೆಂಟ್ಸ್, ಆಸ್ಪತ್ರೆ, ಕಾಲೇಜುಗಳಲ್ಲಿ ಕೆಲಸ ಮಾಡುವ ಎಷ್ಟೋ ತಾಯಂದಿರಿಗೆ ಇದು ಗೊತ್ತೇ ಇಲ್ಲ. ಮಗು ಎಲ್.ಕೆ.ಜಿ.ಯೋ ಯು.ಕೆ.ಜಿ.ಯೋ ಆಗಿದ್ದರೆ ಕೇಳಿ, ನಾಲ್ಕು ಜನ ಸೇರಿ ಕೇಳಿ. ನನ್ನ ಮಗಳಂತೆ ಏಳು ವರ್ಷದ ಮಕ್ಕಳಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ.

"ಅಂಗನವಾಡಿ ಇದೆಯಲ್ಲ, ಕೂಸಿನ ಮನೆ ಇದೆಯಲ್ಲ" ಎಂದು ಹೇಳುವವರು ಸಿಗುತ್ತಾರೆ. ಅಂಗನವಾಡಿ ಬಾಗಿಲು ತೆರೆಯುವ ಹೊತ್ತಿಗೆ ಬೆಳಗಿನ ಪಾಳಿಯವರು ಕೆಲಸದಲ್ಲಿರುತ್ತಾರೆ. ಕೂಸಿನ ಮನೆ ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಕೂಸುಗಳಿಗೆ ಮಾಡಿದ್ದು. ಎರಡೂ ಒಳ್ಳೆಯವೇ, ಈ ತೊಂದರೆಗೆ ಅಲ್ಲ.

ಮೇಲಿನವರ ಹತ್ತಿರ ಹೋಗುವಾಗ ಕೆಂಪು ಗುರುತಿನ ಹಾಳೆ ತೆಗೆದುಕೊಂಡು ಹೋಗಿ. "ಸರ್, ನನಗೆ ಬೆಳಿಗ್ಗೆ ಕಷ್ಟ ಆಗ್ತದೆ" ಅಂದರೆ ಅವರಿಗೆ ಕೇಳಿಸುವುದು ಕೊನೆಯಿಲ್ಲದ ರಿಯಾಯಿತಿ. "ಸರ್, ಈ ತಿಂಗಳು ಏಳು ದಿನ, ದಿನಾಂಕ ಇಲ್ಲಿದೆ, 8ರ ಬದಲು 9.15. ಅಷ್ಟೂ ಹೊತ್ತನ್ನು ಅದೇ ದಿನ ಮಧ್ಯಾಹ್ನ ತುಂಬಿಕೊಡ್ತೀನಿ. ಮುಂದಿನ ತಿಂಗಳ ಹೊತ್ತಿಗೆ ಬೇರೆ ಏರ್ಪಾಡು ಮಾಡ್ಕೊಳ್ತೀನಿ" ಅಂದರೆ ಅವರ ಮುಂದಿರುವುದು ಒಂದು ಲೆಕ್ಕ. ಅಪ್ಪಂದಿರೂ ಹೀಗೆ ಕೇಳಬೇಕು. ಕಾರ್ಖಾನೆಯಲ್ಲಿ ಮೊದಲ ಪಾಳಿಯ ವಾರವನ್ನು ಇನ್ನೊಬ್ಬರ ಜತೆ ಬದಲಿಸಿಕೊಳ್ಳಲು ನಮ್ಮ ಮನೆಯವರು ಕೇಳಿದಾಗ ಸೂಪರ್‌ವೈಸರ್ "ಯಾಕೆ, ಮನೇಲಿ ಅವರಿಲ್ವಾ?" ಅಂದರಂತೆ. "ಅವರಿಗೂ ಡ್ಯೂಟಿ ಇದೆ ಸರ್" ಅಂದರು ಇವರು. ಬದಲಾವಣೆ ಸಿಕ್ಕಿತು.

ಆರು: ಜನರನ್ನು ಹುಡುಕುವುದು

ಉಳಿದ ಕೆಂಪು ದಿನಗಳಿಗೆ ಈಗ ಮನುಷ್ಯರು ಬೇಕು.

ಎಲ್ಲರಿಗೂ ಮೊದಲು ನೆನಪಾಗುವುದು ಊರಿನ ಅಜ್ಜಿ. ಜಗಳೂರು, ಹೊನ್ನಾಳಿ, ಹೊಳಲ್ಕೆರೆ, ಚಿತ್ರದುರ್ಗದಿಂದ ಬಂದು ಹೋಗುವುದು ಈಗ ಕಷ್ಟವಲ್ಲ. ಶಕ್ತಿ ಯೋಜನೆ ಬಂದ 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿನ ಖರ್ಚಿಲ್ಲ, ಆಧಾರ್ ಕಾರ್ಡಿದ್ದರೆ ಸಾಕು. ಹಾಗಾಗಿ ಪೂರ್ತಿ ಬಂದಿರಬೇಕಾಗಿಯೂ ಇಲ್ಲ. ಮೊದಲ ಪಾಳಿಯ ವಾರ ಭಾನುವಾರ ಸಂಜೆ ಬಂದು ಶನಿವಾರ ಹೋಗಬಹುದು. ಆದರೆ ಕೇಳುವ ರೀತಿ ಇದೆ. "ಬಾರಮ್ಮ, ನೋಡ್ಕೋ" ಎಂದು ಅಪ್ಪಣೆ ಮಾಡಬೇಡಿ. ಊರಿನಲ್ಲಿ ಅವರಿಗೆ ಎಮ್ಮೆ ಇದೆ, ಜೋಳದ ರಾಶಿ ಇದೆ, ಬಿ.ಪಿ. ಮಾತ್ರೆ ಇದೆ, ಕಟ್ಟೆಯ ಮೇಲೆ ಮಾತಾಡಲು ಜನ ಇದ್ದಾರೆ. ಇಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಮಗು ಶಾಲೆಗೆ ಹೋದ ಮೇಲೆ ಅವರು ಒಬ್ಬರೇ. "ಒಂದು ತಿಂಗಳು, ಈ ಎರಡು ವಾರ" ಎಂದು ಅವಧಿ ಹೇಳಿ ಕೇಳಿ, ಅವಧಿ ಮುಗಿದಾಗ ಕಳಿಸಿಕೊಡಿ. ಅಡುಗೆ, ಬಟ್ಟೆ, ಪಾತ್ರೆ ಎಲ್ಲವನ್ನೂ ಅವರ ತಲೆಗೆ ಕಟ್ಟಬೇಡಿ. ಬಂದದ್ದು ಮೊಮ್ಮಗುವಿಗಾಗಿ.

ಎರಡನೆಯದು ಮುಯ್ಯಿ. ನಮ್ಮ ಹಿರಿಯರು ಹೊಲದಲ್ಲಿ ಮುಯ್ಯಾಳು ಮಾಡುತ್ತಿದ್ದರಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀವು ಎಂದು, ಹಾಗೆ. ಅದೇ ಬೀದಿಯಲ್ಲಿ, ಅದೇ ಶಾಲೆಗೆ ಹೋಗುವ ಮಗು ಇರುವ ಇನ್ನೊಂದು ಮನೆ ನೋಡಿ. ನಮಗೆ ಎರಡು ಬೀದಿ ಆಚೆ ಒಂದು ಮನೆ ಸಿಕ್ಕಿತು. ಆ ತಾಯಿ ಟೈಲರಿಂಗ್ ಮಾಡುತ್ತಾರೆ, ಬೆಳಿಗ್ಗೆ ಮನೆಯಲ್ಲೇ. ಅವರಿಗೆ ಬೇಕಾದದ್ದು ಸಂಜೆ: ಗಿರಾಕಿಗಳು ಬರುವ 5ರಿಂದ 7ರವರೆಗೆ ಮಗ ಕಾಲ್ಕಾಲಿಗೆ ಸಿಕ್ಕುತ್ತಾನೆ. ನಮ್ಮ ಮಗಳು ಕೆಂಪು ದಿನಗಳ ಬೆಳಿಗ್ಗೆ ಅವರ ಮನೆಗೆ, ಅವರ ಮಗ ನಾನು ಮನೆಯಲ್ಲಿರುವ ಸಂಜೆಗಳಲ್ಲಿ ನಮ್ಮ ಮನೆಗೆ. ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತೇವೆ. ತಿಂಗಳ ಕೊನೆಯಲ್ಲಿ ಯಾರದು ಹೆಚ್ಚಾಯಿತೋ ಮುಂದಿನ ತಿಂಗಳು ಸರಿಮಾಡುತ್ತೇವೆ. ಲೆಕ್ಕ ಇಟ್ಟರೆ ಸ್ನೇಹ ಕೆಡುತ್ತದೆ ಅಂತ ಹೆದರಿದ್ದೆ. ಲೆಕ್ಕ ಇಟ್ಟಿದ್ದಕ್ಕೇ ಯಾರ ಮನಸ್ಸಿನಲ್ಲೂ ಕಹಿ ಉಳಿಯಲಿಲ್ಲ.

ಮೂರನೆಯದು ದುಡ್ಡು ಕೊಟ್ಟು ಒಪ್ಪಿಸುವುದು. ನಿವೃತ್ತ ಟೀಚರ್, ಕೆಳಗಿನ ಮನೆಯ ಆಂಟಿ, ಮಧ್ಯಾಹ್ನ ಕಾಲೇಜಿಗೆ ಹೋಗುವ ಹುಡುಗಿ. ನೆರೆಯವರು "ಅಯ್ಯೋ, ದುಡ್ಡು ಯಾಕಮ್ಮ, ನಮ್ಮ ಮಗು ಇದ್ದಂಗೆ" ಅನ್ನುತ್ತಾರೆ. ಆ ಮಾತು ನಿಜವೇ. ಆದರೂ ಕೊಡಿ. ದುಡ್ಡು ತೆಗೆದುಕೊಳ್ಳದವರಿಗೆ "ನಾಳೆ ನನಗಾಗಲ್ಲ" ಎಂದು ಹೇಳಲು ಸಂಕೋಚ, ನಿಮಗೆ "ಹೀಗೆ ಮಾಡಿ" ಎಂದು ಹೇಳಲು ಸಂಕೋಚ. ಎಷ್ಟು ಕೊಡುವುದು? ತಿಂಗಳ ಗಂಟೆಗಳನ್ನು ಎಣಿಸಿ (24 ದಿನ, ದಿನಕ್ಕೆ ಒಂದೂವರೆ ಗಂಟೆ ಎಂದರೆ 36 ಗಂಟೆ), ನಿಮ್ಮ ಬೀದಿಯಲ್ಲಿ ಅಡುಗೆಯವರಿಗೆ ಅಷ್ಟು ಹೊತ್ತಿಗೆ ಏನು ಕೊಡುತ್ತಾರೋ ವಿಚಾರಿಸಿ, ಅದಕ್ಕಿಂತ ಕಡಿಮೆ ಕೊಡಬೇಡಿ. ತಿಂಗಳ ಒಂದನೇ ತಾರೀಖು ಕೇಳಿಸಿಕೊಳ್ಳದೆ ಕೊಡಿ. ಬಿಡುವುದಾದರೆ ಇಬ್ಬರೂ ಹದಿನೈದು ದಿನ ಮೊದಲು ಹೇಳಬೇಕು ಎಂದು ಮೊದಲ ದಿನವೇ ಮಾತಾಡಿಕೊಳ್ಳಿ.

ಮನೆಯ ದೊಡ್ಡ ಮಗಳಿಗೇ ತಮ್ಮನನ್ನೋ ತಂಗಿಯನ್ನೋ ಒಪ್ಪಿಸಿ ಹೋಗುವವರಿದ್ದಾರೆ. ಹತ್ತು ವರ್ಷದ ಹುಡುಗಿ ದಿನಾ ತಂಗಿಯನ್ನು ಹೊರಡಿಸಿ ತಾನು ತಡವಾಗಿ ಓಡುವುದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಒಂದು ದಿನದ ಕೈನೆರವು ಬೇರೆ, ದಿನದ ಹೊಣೆ ಬೇರೆ. ಅದು ಮಗುವಿನ ಹೊಣೆಯಲ್ಲ.

ಏಳು: ಒಪ್ಪಿಸುವ ಮುಂಚೆ

ಹೊಸಬರ ಮನೆಗೆ ಮಗುವನ್ನು ಕಳಿಸುವ ಮುಂಚೆ ಒಂದು ಶನಿವಾರವೋ ಭಾನುವಾರವೋ ನೀವೂ ಜತೆಗೆ ಹೋಗಿ, ಒಂದು ಗಂಟೆ ಕೂತು ಬನ್ನಿ. ಮಾತಾಡುತ್ತಲೇ ಕಣ್ಣಾಡಿಸಿ. ನಮ್ಮ ಊರಿನ ಮನೆಗಳಲ್ಲಿ ನೀರು ದಿನಾ ಬರುವುದಿಲ್ಲವಾದ್ದರಿಂದ ಅಂಗಳದಲ್ಲಿ ಸಂಪು ಇರುತ್ತದೆ. ನೀರು ಬಂದ ಬೆಳಿಗ್ಗೆ ಅದರ ಮುಚ್ಚಳ ತೆರೆದೇ ಇರುತ್ತದೆ. ನಾನು ಎಲ್ಲಕ್ಕಿಂತ ಮೊದಲು ನೋಡುವುದು ಅದನ್ನೇ. ಆಮೇಲೆ ಬಕೆಟ್ಟಿಗೆ ಹಾಕುವ ನೀರು ಕಾಯಿಸುವ ಕಾಯಿಲ್, ಕೈಗೆಟುಕುವ ಒಲೆ, ತಡೆಗೋಡೆ ಇಲ್ಲದ ತಾರಸಿ, ಕಟ್ಟದೆ ಬಿಟ್ಟ ನಾಯಿ.

ಆ ಮನೆಯಲ್ಲಿ ಆ ಹೊತ್ತಿನಲ್ಲಿ ಬೇರೆ ಯಾರ್ಯಾರು ಇರುತ್ತಾರೆ ಎಂದು ನೇರವಾಗಿ ಕೇಳಿ. ನೋಡಿಕೊಳ್ಳುವವರು ಒಳ್ಳೆಯವರೇ ಇರಬಹುದು. ಅವರು ಹಾಲು ತರಲು ಹೋದಾಗ ಮಗು ಯಾರ ಜತೆ ಇರುತ್ತದೆ? ಕೇಳಲು ಮುಜುಗರವಾಗುತ್ತದೆ, ಕೇಳಿ. ನಮ್ಮ ಮನೆಗೇ ಯಾರನ್ನಾದರೂ ಕರೆಸುವುದಾದರೆ ಅವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ, ಹಿಂದೆ ಕೆಲಸ ಮಾಡಿದ ಮನೆಯವರ ಹತ್ತಿರ ಮಾತಾಡಿ.

ಮಗುವಿಗೆ ಮುಂಚೆಯೇ ಹೇಳಿಕೊಡಿ: ಚಡ್ಡಿ ಮುಚ್ಚುವ ಜಾಗ ಯಾರೂ ಮುಟ್ಟಬಾರದು, "ಅಮ್ಮನಿಗೆ ಹೇಳಬೇಡ" ಅಂದವರ ಮಾತನ್ನು ಅಮ್ಮನಿಗೇ ಮೊದಲು ಹೇಳಬೇಕು, ಹೇಳಿದರೆ ಯಾರೂ ಬೈಯುವುದಿಲ್ಲ. ಸಂಜೆ "ಚೆನ್ನಾಗಿತ್ತಾ?" ಎಂದು ಕೇಳಿದರೆ "ಹ್ಞೂಂ" ಎನ್ನುತ್ತಾರೆ, ಅಷ್ಟೇ. "ಬೆಳಿಗ್ಗೆ ಏನು ತಿಂದೆ, ಯಾರ ಪಕ್ಕ ಕೂತಿದ್ದೆ, ಆಟೋ ಬರೋ ತನಕ ಏನು ಮಾಡ್ತಿದ್ದೆ" ಎಂದು ಕೇಳಿ. ಮಗು ಆ ಮನೆಗೆ ಹೋಗುವುದಿಲ್ಲ ಎಂದು ಕಾರಣ ಹೇಳದೆ ಹಟ ಮಾಡಿದರೆ, ನಿಮಗೆ ಎಷ್ಟೇ ತಡವಾಗಿರಲಿ, ಅವತ್ತು ಬಿಟ್ಟು ಹೋಗಬೇಡಿ.

ಬಾಗಿಲು ಹಾಕಿಕೊಂಡು ಟಿ.ವಿ. ನೋಡುತ್ತಿರು, ಆಟೋ ಬಂದಾಗ ಹೋಗು ಎಂದು ಸಣ್ಣ ಮಗುವನ್ನು ಒಂಟಿಯಾಗಿ ಬಿಡುವುದನ್ನು ಹತ್ತು ನಿಮಿಷಕ್ಕೂ ಆಯ್ಕೆಯಾಗಿ ಇಟ್ಟುಕೊಳ್ಳಬೇಡಿ. ಆ ಹತ್ತು ನಿಮಿಷದಲ್ಲಿ ಹಸಿವಾಗಿ ಗ್ಯಾಸ್ ಹಚ್ಚಲು ಹೋದ ಮಕ್ಕಳನ್ನು ನಾನು ಸುಟ್ಟ ಗಾಯದ ವಾರ್ಡಿನಲ್ಲಿ ನೋಡಿದ್ದೇನೆ.

ಎಂಟು: ಬಾಗಿಲ ಹಿಂದಿನ ಹಾಳೆ

ಮಗುವನ್ನು ನೋಡಿಕೊಳ್ಳುವ ಪ್ರತಿ ಮನೆಯಲ್ಲೂ ಒಂದು ಹಾಳೆ ಅಂಟಿಸಿ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ. ಅಪ್ಪ, ಅಮ್ಮ, ಶಾಲೆ, ಆಟೋದವರ ನಂಬರು. ವಾರ್ಡಿನಲ್ಲಿ ನನ್ನ ಫೋನು ಕೈಯಲ್ಲಿರುವುದಿಲ್ಲ, ಹಾಗಾಗಿ ವಾರ್ಡಿನ ನಂಬರೂ ಬೇಕು. ಮಗುವಿಗೆ ಒಗ್ಗದ ತಿಂಡಿ, ಮಾತ್ರೆ, ಉಸಿರಾಟದ ತೊಂದರೆ ಇದ್ದರೆ ಪಂಪು ಎಲ್ಲಿದೆ. ಆಟೋ ಬರುವ ಸಮಯ, ಆಟೋ 15 ನಿಮಿಷ ತಡವಾದರೆ ಯಾರಿಗೆ ಹೇಳಬೇಕು. ಮಗುವನ್ನು ಕರೆದುಕೊಂಡು ಹೋಗಲು ಯಾರಿಗೆ ಒಪ್ಪಿಗೆ ಇದೆ ಎಂದು ಹೆಸರು ಬರೆಯಿರಿ, ಬೇರೆ ಯಾರಿಗೂ ಇಲ್ಲ ಎಂದೂ ಬರೆಯಿರಿ. ಕೊನೆಯಲ್ಲಿ ತುರ್ತಿಗೆ 112, ಆಂಬುಲೆನ್ಸಿಗೆ 108, ಮಕ್ಕಳ ಸಹಾಯವಾಣಿ 1098.

ಮನೆಯಲ್ಲಿ ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ. "ಅಮ್ಮ ಕಳಿಸಿದ್ದಾರೆ" ಎಂದು ಬಂದವರು ಆ ಪದ ಹೇಳದಿದ್ದರೆ ಮಗು ಹೋಗಬಾರದು. ನಮ್ಮದನ್ನು ಮಗಳೇ ಆರಿಸಿದಳು, ಯಾರಿಗೂ ಹೇಳಿಲ್ಲ.

ತಿಂಡಿ, ಬ್ಯಾಗು

ಬೇರೆಯವರ ಮನೆಗೆ ಹೊಟ್ಟೆ ತುಂಬಿದ ಮಗುವನ್ನು ಕಳಿಸಿ, ಅವರಿಗೆ ತಿಂಡಿಯ ಹೊರೆ ಬೇಡ. ದಾವಣಗೆರೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಮಂಡಕ್ಕಿ ನೆನೆಸಿ ಹಿಂಡಿ ಒಗ್ಗರಣೆಗೆ ಹಾಕಿ ಪುಟಾಣಿ ಪುಡಿ ಉದುರಿಸಿದರೆ ಹತ್ತು ನಿಮಿಷ. ಈರುಳ್ಳಿ ರಾತ್ರಿಯೇ ಹೆಚ್ಚಿಡಿ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಇದ್ದರೆ ಅದೂ ಬೇಡ. ಸರ್ಕಾರಿ ಶಾಲೆಯ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯದ ಹಾಲು ಸಿಗುತ್ತದೆ, ಆದರೆ ಅದನ್ನೇ ತಿಂಡಿ ಅಂದುಕೊಳ್ಳಬೇಡಿ. ಯೂನಿಫಾರ್ಮು, ಸಾಕ್ಸು, ನೀರಿನ ಬಾಟಲಿ, ಡೈರಿಗೆ ಸಹಿ ಎಲ್ಲ ರಾತ್ರಿಯೇ ಮುಗಿಯಲಿ.

ಮಗುವಿಗೆ ಹೇಳಿ

ನಮ್ಮ ತಪ್ಪು ಇದು. ಮೂರು ದಿನ ನಾವಿಬ್ಬರೂ ಏರ್ಪಾಡಿನಲ್ಲೇ ಮುಳುಗಿದ್ದೆವು. ಮಗಳಿಗೆ "ಅಕ್ಕ ಊರಿಗೆ ಹೋದ್ರು" ಎಂದಷ್ಟೇ ಹೇಳಿದ್ದೆವು. ಬುಧವಾರ ರಾತ್ರಿ ಅವಳು, "ನಾನು ತಿಂಡಿ ಬಿಟ್ಟಿದ್ದಕ್ಕೆ ದೊಡ್ಡಮ್ಮ ಹೋದ್ರಾ?" ಅಂದಳು. ಅಕ್ಕನನ್ನು ಅವಳು ದೊಡ್ಡಮ್ಮ ಎಂದೇ ಕರೆಯುವುದು. ನನಗೆ ಲೆಕ್ಕ ತಪ್ಪಿದ್ದು ಬೆಳಗಿನ 80 ನಿಮಿಷ, ಅವಳಿಗೆ ತಪ್ಪಿದ್ದು ಒಬ್ಬ ಮನುಷ್ಯಳು.

ಅವತ್ತೇ ವಿಡಿಯೋ ಕಾಲ್ ಮಾಡಿಸಿದೆ. ಆಮೇಲೆ ಕೆಂಪು ಗುರುತಿನ ಹಾಳೆಯನ್ನು ಅವಳ ಕೈಗೇ ಕೊಟ್ಟು, ಯಾವ ದಿನ ಯಾರು ಎಂದು ಬಣ್ಣ ಹಾಕಲು ಹೇಳಿದೆವು. ಅಪ್ಪನಿಗೆ ನೀಲಿ, ನನಗೆ ಹಳದಿ, ಟೈಲರ್ ಆಂಟಿಗೆ ಹಸಿರು. ರಾತ್ರಿ ಮಲಗುವ ಮುಂಚೆ ಅವಳೇ ಹೋಗಿ ನೋಡಿ "ನಾಳೆ ನೀಲಿ" ಎಂದು ಬರುತ್ತಾಳೆ. ವಾರದಲ್ಲಿ ಮೂರಕ್ಕಿಂತ ಹೆಚ್ಚು ಮುಖಗಳು ಬದಲಾಗದಂತೆ ನೋಡಿಕೊಳ್ಳಿ. ಐದು ಜನ ಒಪ್ಪಿದರೂ ಎರಡು ಜನರನ್ನೇ ಆರಿಸಿ.

ಎರಡನೇ ಗೂಟ

ಏರ್ಪಾಡು ಕುದುರಿದ ಮೇಲೆ ಎಲ್ಲರೂ ಹುಡುಕಾಟ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಮೊದಲನೆಯವರಿಗೆ ಆಗದ ದಿನ ಯಾರು, ಅವರಿಗೂ ಆಗದ ದಿನ ಯಾರು ಎಂದು ಹೆಸರು ಗೊತ್ತಿರಲಿ. ಆ ಎರಡನೆಯವರ ಮನೆಗೆ ತಿಂಗಳಿಗೊಮ್ಮೆಯಾದರೂ ಮಗುವನ್ನು ಕಳಿಸಿ, ಬಳಕೆ ತಪ್ಪದಿರಲಿ. ಮಳೆಗೆಂದು ಜಿಲ್ಲಾಧಿಕಾರಿ ರಜೆ ಘೋಷಿಸುವುದು ಎಷ್ಟೋ ಸಲ ಹಿಂದಿನ ರಾತ್ರಿ. ಆ ದಿನ 80 ನಿಮಿಷವಲ್ಲ, ಇಡೀ ದಿನ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ನೋಡಿಕೊಳ್ಳುವವರ ಮನೆಯಲ್ಲೂ ನೆಂಟರು ತುಂಬಿರುತ್ತಾರೆ. ಇಂಥ ದಿನಗಳಿಗೆ ರಜೆ ಉಳಿಸಿಕೊಳ್ಳಿ, ಗಂಡ ಎರಡು, ಹೆಂಡತಿ ಎರಡು.

ಪ್ರತಿ ತಿಂಗಳ ಕೊನೆಯ ಭಾನುವಾರ ನಮ್ಮಿಬ್ಬರ ಡ್ಯೂಟಿ ಪಟ್ಟಿ ಕೈಗೆ ಬಂದ ಮೇಲೆ ಹೊಸ ಹಾಳೆ ಹಾಕುತ್ತೇವೆ. ಕಾಲು ಗಂಟೆಯ ಕೆಲಸ.

ಅಕ್ಕ ಐದು ತಿಂಗಳಿಗೆ ವಾಪಸ್ ಬಂದರು. ಬಂದ ದಿನವೇ "ನಾಳೆಯಿಂದ ಪಾಪುನ್ನ ಕಳಿಸವ್ವ" ಅಂದರು. ಅಷ್ಟು ಹೊತ್ತಿಗೆ ಟೈಲರ್ ಆಂಟಿಯ ಮಗನೂ ನಮ್ಮ ಮಗಳೂ ಒಂದೇ ತಟ್ಟೆಯಲ್ಲಿ ತಿನ್ನುವಷ್ಟು ಹತ್ತಿರವಾಗಿದ್ದರು. ಅವರಿಗೆ "ಇನ್ನು ಬೇಡ" ಎನ್ನಲು ಮನಸ್ಸಾಗಲಿಲ್ಲ, ಅಕ್ಕನಿಗೆ ಇಲ್ಲ ಎನ್ನುವುದಂತೂ ಸಾಧ್ಯವೇ ಇರಲಿಲ್ಲ. ಹಾಳೆಗೆ ನಾಲ್ಕನೇ ಬಣ್ಣ ಬಂತು. ತಿಂಗಳ ಏಳು ಕೆಂಪು ದಿನಗಳಲ್ಲಿ ನಾಲ್ಕು ಅಕ್ಕನದು, ಮೂರು ಆಂಟಿಯದು. ಅಕ್ಕನಿಗೆ ಮಗಳು ಆರಿಸಿದ ಬಣ್ಣ ಗುಲಾಬಿ.